ಫೋರ್‌ವೀಲ್ ಜೀಪು ಕೆಡುವುದು ಕೆಸರಿನಲ್ಲಲ್ಲ

ಕೊಡಗಿನ ತೋಟದ ಮನೆಗಳಲ್ಲಿ ಎರಡು ಸಾಮಾನು ಹೆಚ್ಚುಕಮ್ಮಿ ಇದ್ದೇ ಇರುತ್ತವೆ. ಗೋಡೆಗೊಂದು ಕೋವಿ, ಶೆಡ್ಡಿಗೊಂದು ಹಳೇ ಜೀಪು. ಕೋವಿಗೆ ಕೈಲ್‌ಪೊಳ್ದ್ ಹಬ್ಬದ ದಿನ ತೋಕ್‌ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಜೀಪಿಗೆ ಆಯುಧಪೂಜೆ ದಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ವರ್ಷದ ಉಳಿದ ದಿನ ಕೋವಿ ಸುಮ್ಮನೆ ಗೋಡೆಯಲ್ಲಿರುತ್ತದೆ, ಜೀಪು ಬೈಸಿಕೊಳ್ಳುತ್ತದೆ.

ನಮ್ಮ ಮನೆಯ ಜೀಪು ಮಿಲಿಟರಿ ಹರಾಜಿನಿಂದ ಬಂದದ್ದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆ ಇದು. ಇಲ್ಲಿ ಮನುಷ್ಯರೂ ಗಾಡಿಗಳೂ ಸೈನ್ಯದಿಂದ ರಿಟೈರ್ ಆಗಿ ತೋಟಕ್ಕೆ ಬರುವುದು ವಾಡಿಕೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಇಬ್ಬರಿಗೂ ಸ್ವಲ್ಪ ಹೊತ್ತು ಬೇಕು.

ಈ ಗಾಡಿಗಳ ಬಗ್ಗೆ ಹೊರಗಿನವರಿಗೆ ಒಂದು ನಂಬಿಕೆ ಇದೆ. ಕೆಸರು, ಕಲ್ಲು, ಹೊಳೆ ಅಂತ ಓಡಿಸಿ ಓಡಿಸಿ ಹಾಳಾಗುತ್ತವೆ ಅಂತ. ಸುಳ್ಳು. ಕೆಸರಿನಲ್ಲಿ ಅವು ಸುಖವಾಗಿರುತ್ತವೆ. ಅವು ಕೆಡುವುದು ಒಳ್ಳೇ ಟಾರು ರೋಡಿನಲ್ಲಿ, ಇಲ್ಲದಿದ್ದರೆ ಶೆಡ್ಡಿನೊಳಗೆ ಬೆಚ್ಚಗೆ ನಿಂತಲ್ಲಿ.

ಟಾರು ರೋಡಿನ ವಿಷಯಕ್ಕೆ ನಮ್ಮ ಭಾವನೇ ಸಾಕ್ಷಿ. ಭಾವ ಮೈಸೂರಿನವರು. ಮಳೆಗಾಲದಲ್ಲಿ ಅಕ್ಕನ ಜೊತೆ ಬಂದವರು, "ಮಡಿಕೇರಿಗೆ ನಾನೇ ಜೀಪು ಓಡಿಸ್ತೀನಿ" ಅಂತ ಕೀ ತೆಗೆದುಕೊಂಡರು. ಫೋನಿನಲ್ಲಿ ವಿಡಿಯೋ ನೋಡಿ ಎಲ್ಲ ಕಲಿತುಕೊಂಡಿದ್ದರು. ಗೇಟಿನ ಹತ್ತಿರವೇ ಇಳಿದು ಮುಂದಿನ ಎರಡೂ ಚಕ್ರದ ನಡುವಿನ ಹಬ್ ತಿರುಗಿಸಿ ಲಾಕ್ ಮಾಡಿದರು. ಹಾಗೆ ಮಾಡಿದರೇ ಆ ಚಕ್ರಗಳು ಆಕ್ಸಲಿಗೆ ಕಚ್ಚಿಕೊಳ್ಳುವುದು. ಚಿಕ್ಕ ಲಿವರ್ ಎಳೆದು ಫೋರ್‌ವೀಲ್ ಹಾಕಿದರು, ಅಂದರೆ ಇಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ. ಯಾಕೆ ಅಂದರೆ, "ರೋಡು ಒದ್ದೆ ಇದೆ, ಸೇಫ್ಟಿಗೆ."

ನಾಪೋಕ್ಲಿನಿಂದ ಮೂರ್ನಾಡು ದಾಟಿ ಮಡಿಕೇರಿಗೆ ಹತ್ತುವ ದಾರಿಯಲ್ಲಿ ನೇರ ರೋಡು ಅನ್ನುವುದು ಕಡಿಮೆ. ಒಂದೊಂದು ತಿರುವಿನಲ್ಲೂ ಸ್ಟೇರಿಂಗ್ ಬಿಗಿಯಾಯಿತು. ಮಳೆ ಬಿಟ್ಟು ರೋಡು ಒಣಗಿದ ಮೇಲೆ ಟೈರು ಕೀಚ್ ಅನ್ನತೊಡಗಿತು. ಜೀಪು ಮುಗ್ಗರಿಸಿ ಮುಗ್ಗರಿಸಿ ಹೋಗುತ್ತಿತ್ತು. ಭಾವನ ಪ್ರಕಾರ ಅದು ಗ್ರಿಪ್ಪು. ರಾಜಾಸೀಟ್ ಹತ್ತಿರ ನಿಲ್ಲಿಸಿ ಫೋರ್‌ವೀಲ್ ತೆಗೆಯಲು ಲಿವರ್ ಹಿಂದಕ್ಕೆ ತಳ್ಳಿದರೆ ಜಪ್ಪಯ್ಯ ಅಂದರೂ ಬರಲಿಲ್ಲ. ಎರಡು ಕೈ ಹಾಕಿದರು. ಕಾಲು ಡ್ಯಾಶ್‌ಬೋರ್ಡಿಗೆ ಕೊಟ್ಟರು. ಅಕ್ಕ ಹಿಂದಿನ ಸೀಟಿನಿಂದ ಅವರ ಭುಜ ಹಿಡಿದು ಎಳೆದಳು. ಸೂರ್ಯಾಸ್ತ ನೋಡಲು ಬಂದ ಟೂರಿಸ್ಟುಗಳು ಆ ಕಡೆ ಬೆನ್ನು ಹಾಕಿ ಇವರನ್ನು ನೋಡುತ್ತಾ ನಿಂತರು. ಒಬ್ಬ ಹುಡುಗ ವಿಡಿಯೋನೂ ಮಾಡಿದ.

ನನಗೆ ಫೋನ್ ಬಂತು. "ನಿನ್ನ ಜೀಪಿನ ಗೇರ್‌ಬಾಕ್ಸ್ ಹೋಗಿದೆ" ಅಂದರು ಭಾವ. ಗೇರ್‌ಬಾಕ್ಸಿಗೆ ಏನೂ ಆಗಿರಲಿಲ್ಲ. "ಸ್ಟೇರಿಂಗ್ ನೆಟ್ಟಗೆ ಇಟ್ಟು ಸ್ವಲ್ಪ ರಿವರ್ಸ್ ಹೋಗಿ, ಹೋಗ್ತಾ ಲಿವರ್ ತಳ್ಳಿ" ಅಂದೆ. ಫೋನಿನಲ್ಲೇ 'ಟಣ್' ಅಂತ ಕೇಳಿತು. ಆಮೇಲೆ ಜನ ಚಪ್ಪಾಳೆ ತಟ್ಟಿದ್ದೂ ಕೇಳಿತು.

ವಿಷಯ ಇಷ್ಟೇ. ತಿರುವಿನಲ್ಲಿ ಮುಂದಿನ ಚಕ್ರಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಸಣ್ಣ ಸುತ್ತು. ಹಳೇ ಜೀಪುಗಳಲ್ಲಿ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸು ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಎರಡನ್ನೂ ಒಂದೇ ಸ್ಪೀಡಿನಲ್ಲಿ ತಿರುಗಿಸುತ್ತದೆ. ವ್ಯತ್ಯಾಸ ಸರಿದೂಗಿಸಲು ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಕೆಸರಿನಲ್ಲಾದರೆ ಯಾವುದೋ ಒಂದು ಚಕ್ರ ಸ್ವಲ್ಪ ಜಾರಿ ಲೆಕ್ಕ ಚುಕ್ತಾ ಆಗುತ್ತದೆ. ಟಾರಿನ ಮೇಲೆ ಜಾರಲು ಆಗುವುದಿಲ್ಲ. ಆ ಬಿಗಿತವೆಲ್ಲ ಶಾಫ್ಟಿನಲ್ಲಿ, ಗೇರಿನ ಹಲ್ಲುಗಳಲ್ಲಿ, ಶಾಫ್ಟಿನ ಕೀಲಾದ ಯುಜೆ ಕ್ರಾಸಿನಲ್ಲಿ ತುಂಬಿಕೊಂಡು ಲಿವರನ್ನು ಕಚ್ಚಿ ಹಿಡಿಯುತ್ತದೆ. ರಿವರ್ಸ್ ಹೋದರೆ ಸಡಿಲವಾಗುತ್ತದೆ. ಹೀಗೇ ದಿನಾ ಓಡಿಸಿದರೆ ಸಡಿಲವಾಗುವ ಮೊದಲೇ ಏನಾದರೂ ಮುರಿಯುತ್ತದೆ.

ಹಾಗಂತ ಇವೇನು ಅಪರೂಪದ ಗಾಡಿಗಳಲ್ಲ. 1985ರ ಕೊನೆಯಲ್ಲಿ ಬಂದ ಮಾರುತಿ ಜಿಪ್ಸಿ, ಅದೇ ಕಾಲದ ಮಹೀಂದ್ರ ಎಂಎಂ540, ಎಲ್ಲದರದ್ದೂ ಇದೇ ಏರ್ಪಾಡು. ಈಚಿನ ಆಲ್ ವೀಲ್ ಡ್ರೈವ್ ಕಾರುಗಳು ಬೇರೆ. ಅವುಗಳಲ್ಲಿ ಹೆಚ್ಚಿನವಕ್ಕೆ ಲಿವರೇ ಇಲ್ಲ. ಮುಂದಿನ ಚಕ್ರ ಜಾರಿದರೆ ನಡುವಿನ ಕಪ್ಲಿಂಗು ತಾನಾಗಿಯೇ ಹಿಂದಕ್ಕೆ ಶಕ್ತಿ ಕಳಿಸುತ್ತದೆ.

ಭಾವನ ಹತ್ತಿರ ಅಂಥದ್ದೊಂದು ಹಳೇ ಕಾರಿದೆ. ಪಾರ್ಕಿಂಗಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಹಿಂದಿನಿಂದ ನರಳುವ ಸದ್ದು. ಮೊದಲು ಶಾಕ್ ಅಬ್ಸಾರ್ಬರ್ ಬದಲಿಸಿದರು. ಆಮೇಲೆ ಬೇರಿಂಗ್ ಬದಲಿಸಿದರು. ಅಕ್ಕ ದೃಷ್ಟಿ ತೆಗೆದಳು. ಸದ್ದು ಹೋಗಲಿಲ್ಲ. ಕೊನೆಗೆ ಹೋದದ್ದು ಹಿಂದಿನ ಡಿಫರೆನ್ಷಿಯಲ್ ಎಣ್ಣೆ ಬದಲಿಸಿದಾಗ. ಕೆಲವು ಆಲ್ ವೀಲ್ ಕಾರುಗಳಲ್ಲಿ ಹಿಂದಕ್ಕೆ ಶಕ್ತಿ ಕಳಿಸುವ ಕಪ್ಲಿಂಗಿನ ಕ್ಲಚ್ಚು ಆ ಎಣ್ಣೆಯೊಳಗೇ ಕೆಲಸ ಮಾಡುತ್ತದೆ. ಎಣ್ಣೆ ಹಳತಾದರೆ ಅದು ಹಿಡಿದು ಬಿಟ್ಟು ನರಳುತ್ತದೆ. ಕಂಪನಿ ಯಾವ ಎಣ್ಣೆ ಹೇಳಿದೆಯೋ ಅದನ್ನೇ ಹಾಕಬೇಕು. ಅಂಗಡಿಯವನು "ಎಲ್ಲ ಒಂದೇ ಸಾರ್" ಅಂದರೆ ಬೇರೆ ಅಂಗಡಿಗೆ ಹೋಗುವುದು ಒಳ್ಳೆಯದು.

ಟೈರಿನ ವಿಷಯದಲ್ಲಿ ಮಾತ್ರ ಜೀಪಿಗೂ ಕಾರಿಗೂ ಒಂದೇ ಕಾನೂನು. ನಾಲ್ಕೂ ಟೈರು ಒಂದೇ ಸೈಜು, ಒಂದೇ ಮಟ್ಟದ ಸವೆತ ಇರಬೇಕು. ನಮ್ಮಲ್ಲಿ ತೋಟದ ಮಾಲೀಕರು ಮೆಣಸು ಮಾರಿದ ದುಡ್ಡಿನಲ್ಲಿ ಒಂದು ಟೈರು, ಕಾಫಿ ಮಾರಿದ ದುಡ್ಡಿನಲ್ಲಿ ಇನ್ನೊಂದು ಅಂತ ಹಾಕಿಸುತ್ತಾರೆ. ಹೊಸ ಟೈರು ದಪ್ಪ, ಹಳೇದು ಬೋಳು. ಆಗ ನೇರ ರೋಡಿನಲ್ಲೂ ಚಕ್ರಗಳ ಸುತ್ತು ಹೊಂದುವುದಿಲ್ಲ. ಜೀಪಿನಲ್ಲಿ ಲಿವರ್ ಕಚ್ಚುತ್ತದೆ, ಕಾರಿನಲ್ಲಿ ಕಪ್ಲಿಂಗ್ ಬಿಸಿಯಾಗುತ್ತದೆ.

ಹಬ್ ಅಂದೆನಲ್ಲ, ಅದರದ್ದೂ ಒಂದು ಕತೆಯಿದೆ. ಪಕ್ಕದ ತೋಟದ ಮಾವ ಗೊಬ್ಬರದ ಮೂಟೆ ತುಂಬಿಕೊಂಡು ಗದ್ದೆ ಬದಿ ಇಳಿದು ಹೂತುಹೋದರು. "ಫೋರ್ ಹಾಕಿದ್ದೀನಿ! ಫೋರ್ ಹಾಕಿದ್ದೀನಿ!" ಅಂತ ಕೂಗುತ್ತಾ ಆಕ್ಸಿಲರೇಟರ್ ಒತ್ತಿದರು. ಹಿಂದಿನ ಚಕ್ರ ಗದ್ದೆಯ ಅರ್ಧ ಮಣ್ಣನ್ನು ನಮ್ಮ ಮೇಲೆ ಎರಚಿತು. ಮುಂದಿನ ಚಕ್ರ ಅಲ್ಲಾಡಲಿಲ್ಲ. ಲೈನ್ ಮನೆಯ ಕೆಲಸದವರೆಲ್ಲ ಬಂದು ನೋಡಿದರು. ಟ್ರ್ಯಾಕ್ಟರ್ ತರಿಸುವ ಮಾತೂ ಆಯಿತು. ಅಷ್ಟರಲ್ಲಿ ತೋಟದ ಲೆಕ್ಕ ಬರೆಯುವ ರೈಟರು ಕೊಡೆ ಹಿಡಿದುಕೊಂಡು ಬಂದರು. ಬಗ್ಗಿ ಮುಂದಿನ ಚಕ್ರದ ನಡುವಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದರು. ಬಾಣದ ಗುರುತು 'ಫ್ರೀ' ಕಡೆ ಇತ್ತು. ತಿರುಗಿಸಿ 'ಲಾಕ್'ಗೆ ತಂದರು. ಆ ಬದಿಗೂ ಹೋಗಿ ಹಾಗೇ ಮಾಡಿದರು. ಒಂದು ಮಾತೂ ಆಡದೆ ಕೈ ತೊಳೆದುಕೊಂಡು ಹೋದರು. ಜೀಪು ಆರಾಮವಾಗಿ ಮೇಲೆ ಬಂತು. ಮಾವ ಮಾತ್ರ ಇವತ್ತಿಗೂ ಮೂಟೆ ಇಳಿಸಿದ್ದಕ್ಕೆ ಬಂತು ಅನ್ನುತ್ತಾರೆ.

ಇನ್ನು ಶೆಡ್ಡು. ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಯಾರೂ ಎಲ್ಲಿಗೂ ಹೋಗುವುದಿಲ್ಲ. ಜೀಪು ನಿಂತಲ್ಲೇ ನಿಲ್ಲುತ್ತದೆ. ಇಲಿಗಳಿಗೆ ಅದೇ ಸುಗ್ಗಿ. ಅಂಥ ಒಂದು ರಾತ್ರಿ ನಮ್ಮ ಜೀಪಿನ ಹಾರ್ನು ತಾನಾಗಿಯೇ ಹೊಡೆಯತೊಡಗಿತು. ನಿಲ್ಲಲೇ ಇಲ್ಲ. ಕೊಡಗಿನಲ್ಲಿ ರಾತ್ರಿ ಹೊತ್ತು ಗಲಾಟೆ ಆದರೆ ಎಲ್ಲರಿಗೂ ಬರುವ ಯೋಚನೆ ಒಂದೇ. ಅಕ್ಕಪಕ್ಕದವರು ಟಾರ್ಚು, ಪಟಾಕಿ, ಕೋವಿ ಹಿಡಿದುಕೊಂಡು ಓಡಿ ಬಂದರು. "ಆನೆ ಎಲ್ಲಿ?" ಅಂದರು. "ಆನೆ ಅಲ್ಲ, ಇಲಿ" ಅಂದರೆ ಅಷ್ಟು ದೂರದಿಂದ ನೆನೆದುಕೊಂಡು ಬಂದವರಿಗೆ ಬೇಜಾರಾಗುವುದಿಲ್ಲವಾ? ಒಬ್ಬರು ಬಂದದ್ದಕ್ಕೆ ಇರಲಿ ಅಂತ ಒಂದು ಪಟಾಕಿ ಹಚ್ಚಿಯೇ ಹೋದರು.

ಹಾರ್ನ್ ಬಟನ್ನಿಗೆ ಹೋಗುವ ವಯರಿನ ಸಿಪ್ಪೆಯನ್ನು ಇಲಿ ತಿಂದಿತ್ತು. ಬರೀ ತಾಮ್ರ ಜೀಪಿನ ತಗಡಿಗೆ ತಗುಲಿದರೆ ಸಾಕು, ಬಟನ್ ಒತ್ತಿದ ಲೆಕ್ಕವೇ. ಆಗ ಹಾರ್ನ್ ಹುಡುಕಬಾರದು, ಬ್ಯಾಟರಿ ಕಳಚಬೇಕು. ಅದಕ್ಕೆ ಆಗುವ ಸ್ಪ್ಯಾನರ್ ಶೆಡ್ಡಿನ ಮೊಳೆಯಲ್ಲೇ ತೂಗುತ್ತಿರಲಿ. ಮೊದಲು ಮೈನಸ್ ಕಡೆ ಬಿಚ್ಚಬೇಕು. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಜೀಪಿನ ತಗಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಮಳೆಗಾಲ ಪೂರ್ತಿ ನಿಲ್ಲಿಸುವುದಾದರೆ ಮೈನಸ್ ತೆಗೆದೇ ಇಡುವುದು ಕ್ಷೇಮ. ಟರ್ಮಿನಲ್ಲಿಗೆ ಬಿಳೀ ಪುಡಿ ಕಟ್ಟಿದ್ದರೆ ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ವ್ಯಾಸಲಿನ್ ಸವರಿದರೆ ಆಯಿತು. ಮಳೆ ಬಿಟ್ಟಾಗೊಮ್ಮೆ ಮಣ್ಣಿನ ಅಂಗಳದಲ್ಲಿ ಫೋರ್‌ವೀಲ್ ಹಾಕಿ ಹಿಂದೆ ಮುಂದೆ ಓಡಿಸಿ. ಸೀಲುಗಳಿಗೆ ಎಣ್ಣೆ ತಗುಲುತ್ತದೆ, ಲಿವರ್ ತುಕ್ಕು ಹಿಡಿಯುವುದಿಲ್ಲ. ಪೆಟ್ರೋಲ್ ಜೀಪು ತೇವಕ್ಕೆ ಸ್ಟಾರ್ಟ್ ಆಗದಿದ್ದರೆ ತಳ್ಳಲು ಜನ ಕರೆಯುವ ಮೊದಲು ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಣಬಟ್ಟೆಯಲ್ಲಿ ಒಳಗೆ ಒರೆಸಿ ನೋಡಿ.

ಹೊಳೆ ದಾಟಿದ ಮೇಲೂ ಸ್ವಲ್ಪ ಕೆಲಸ ಇದೆ. ಬಿಸಿಯಾಗಿದ್ದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲು ಇಟ್ಟ ಬ್ರೀದರಿನಿಂದಲೋ ಹಳೇ ಸೀಲಿನಿಂದಲೋ ನೀರು ಎಳೆದುಕೊಳ್ಳುತ್ತದೆ. ನಮ್ಮ ಗ್ಯಾರೇಜಿನ ಕಾಕ ಡಿಫರೆನ್ಷಿಯಲ್ಲಿನ ಬೋಲ್ಟ್ ಬಿಚ್ಚಿ ಕಿರುಬೆರಳು ಅದ್ದಿ ತೋರಿಸಿದರು. ಎಣ್ಣೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. "ಸಕ್ಕರೆ ಹಾಕ್ಬೇಕಾ?" ಅಂದರು ಕಾಕ. ಆ ಎಣ್ಣೆ ಪೂರ್ತಿ ತೆಗೆದು ಹೊಸದು ಹಾಕಿ, ಬ್ರೀದರಿಗೆ ಉದ್ದದ ಪೈಪು ಸಿಕ್ಕಿಸಿ ಮೇಲಕ್ಕೆ ಕಟ್ಟಿದರು. ಕಾಕನ ಒಂದು ಕಟ್ಟಳೆ ಎಲ್ಲರೂ ನೆನಪಿಡುವಂಥದ್ದು. ಕೆಳಗಿನ ಬೋಲ್ಟ್ ಬಿಚ್ಚುವ ಮೊದಲು ಮೇಲಿನ, ಎಣ್ಣೆ ಹಾಕುವ ಬೋಲ್ಟ್ ಬಿಚ್ಚುತ್ತದಾ ಅಂತ ನೋಡಬೇಕು. ಎಣ್ಣೆಯೆಲ್ಲ ಇಳಿಸಿ ಆದ ಮೇಲೆ ಮೇಲಿನದು ತುಕ್ಕು ಹಿಡಿದು ಬರಲಿಲ್ಲ ಅಂದರೆ ಗಾಡಿ ಅಲ್ಲೇ ವಾಸ.

ಕಾಕ ಜೀಪಿನ ಕೆಳಗೆ ನುಗ್ಗುವುದು ಕಡಿಮೆ. ಸ್ಟೂಲಿನಲ್ಲಿ ಕೂತು "ಹಿಂದೆ ಮುಂದೆ ಮಾಡಿ" ಅನ್ನುತ್ತಾರೆ. ಗೇರ್ ಬಿದ್ದ ಕೂಡಲೇ 'ಟಕ್' ಅಂದರೆ ಯುಜೆ ಕ್ರಾಸು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ 'ಕಟಕಟ' ಅಂದರೆ ಮುಂದಿನ ಆಕ್ಸಲ್ ಜಾಯಿಂಟು. ಸ್ಪೀಡ್ ಏರಿದಂತೆ 'ಊಂ' ಅಂತ ಏರಿದರೆ ಡಿಫರೆನ್ಷಿಯಲ್ ಅಥವಾ ಬೇರಿಂಗು. ಒಂದು ಸ್ಪೀಡಿಗೆ ಬಂದಾಗ ಸ್ಟೇರಿಂಗ್ ಗಡಗಡ ನಡುಗಿದರೆ ಮುಂದಿನ ಚಕ್ರ ಹೊರಳುವ ಕಿಂಗ್‌ಪಿನ್ ಬೇರಿಂಗು, ಎರಡು ಚಕ್ರ ಜೋಡಿಸುವ ಟೈ ರಾಡು ನೋಡಬೇಕು. ಗಾಡಿ ತರಲಾಗದವರು ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ. ಮೊನ್ನೆ ರಿಟೈರ್ಡ್ ಸುಬೇದಾರರೊಬ್ಬರು ಬೆಂಚಿನಲ್ಲಿ ಕೂತು 'ಟಕ್, ಊಂ, ಟಕ್' ಅಂದರು. ಕಾಕ ಕಣ್ಣು ಮುಚ್ಚಿ ಕೇಳಿ, "ಇನ್ನೊಮ್ಮೆ, ಥರ್ಡ್ ಗೇರಿನಲ್ಲಿ" ಅಂದರು.

ರಾಜಾಸೀಟಿನ ಚಪ್ಪಾಳೆ ಭಾವನ ತಲೆಗೇರಿರಬೇಕು. ಈಗ ಅವರಿಗೂ ಒಂದು ಹಳೇ ಜೀಪು ಬೇಕಂತೆ. ಕುಶಾಲನಗರದ ಹತ್ತಿರ ಒಂದು ಇದೆ ಅಂತ ಕಾಕನನ್ನೂ ಕರೆದುಕೊಂಡು ಹೋದೆವು. ಕಾಕ ಮೊದಲು ಆರ್‌ಸಿ ನೋಡಿದರು. 15 ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಣ ಆಗಿರದಿದ್ದರೆ ಮಾತಾಡುವುದೇ ವ್ಯರ್ಥ. ಆಮೇಲೆ ಚಾಸಿಸ್ಸಿನ ತುಕ್ಕನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿದರು. ಹಬ್ ತಿರುಗಿಸಿದರು, ನಾಲ್ಕೂ ಟೈರು ಸವರಿದರು, ಲೋ ಗೇರ್ ಹಾಕಿ ದಿಣ್ಣೆ ಹತ್ತಿಸಿ ಬ್ರೇಕ್ ಮುಟ್ಟದೆ ಇಳಿಸಿದರು. ಎಲ್ಲ ಚೆನ್ನಾಗಿತ್ತು. ರೇಟೂ ಹೆಚ್ಚುಕಮ್ಮಿ ಕುದುರಿತು. ಆಗ ಭಾವ ಮುಂದೆ ಬಂದು ಮಾರುವವರನ್ನು ಕೇಳಿದರು, "ಮೈಲೇಜ್ ಎಷ್ಟು ಕೊಡುತ್ತೆ?"

ಮಾರುವವರು ಕಾಕನ ಮುಖ ನೋಡಿದರು. ಕಾಕ ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ನನಗೆ ಹೇಳಿದರು, "ಇವರಿಗೆ ಒಂದು ಸ್ಕೂಟರ್ ನೋಡುವ, ಬನ್ನಿ."