ನಿಮಗೆ ನಾರ್ಮಲ್ ಆಗಿತ್ತಾ?

ಡೂಲಾ ಕೆಲಸ ಶುರು ಮಾಡಿ ನಾಲ್ಕು ವರ್ಷ ಆಯಿತು. ಬಸುರಿಯ ಮನೆಗೆ ಮೊದಲ ಸಲ ಹೋದಾಗ, ಕಾಫಿ ಲೋಟ ಕೆಳಗಿಡುವ ಮೊದಲೇ ಅವಳ ಅಮ್ಮನೋ ಅತ್ತೆಯೋ ಕೇಳೋದು ಒಂದೇ ಪ್ರಶ್ನೆ: "ನಿಮಗೆ ನಾರ್ಮಲ್ ಆಗಿತ್ತಾ?"

ಇಲ್ಲಮ್ಮ, ಆಪರೇಷನ್, ಅನ್ನುತ್ತೇನೆ. ಅವರ ಮುಖ ಸ್ವಲ್ಪ ಇಳಿಯುತ್ತದೆ. ಈಜು ಬಾರದವಳು ಈಜು ಕಲಿಸೋಕೆ ಬಂದಳಲ್ಲ ಅನ್ನೋ ಹಾಗೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಸೂಲಗಿತ್ತಿಯೂ ಅಲ್ಲ. ಗರ್ಭದ ಬಾಯಿ ಎಷ್ಟು ತೆರೆದಿದೆ ಎಂದು ನೋಡುವುದಿಲ್ಲ, ಬಿಪಿ ಕೂಡ ನೋಡುವುದಿಲ್ಲ. ನೋವು ಶುರುವಾದಾಗಿನಿಂದ ಮಗು ಎದೆಗೆ ಬರುವವರೆಗೆ ಪಕ್ಕದಲ್ಲಿರುತ್ತೇನೆ. ಸೊಂಟ ಒತ್ತುತ್ತೇನೆ, ಗುಟುಕು ಗುಟುಕಾಗಿ ನೀರು ಕುಡಿಸುತ್ತೇನೆ, ಡಾಕ್ಟರ್ ಹೇಳಿದ್ದು ಅರ್ಥವಾಗದಿದ್ದರೆ "ಇನ್ನೊಂದ್ಸಲ ಕೇಳು" ಅನ್ನುತ್ತೇನೆ, ಗಂಡನನ್ನು ಊಟಕ್ಕೆ ಅಟ್ಟುತ್ತೇನೆ. ಗ್ರೀಕಿನಲ್ಲಿ ಡೂಲಾ ಅನ್ನೋ ಪದಕ್ಕೆ ಮನೆಯಾಳು ಹೆಂಗಸು ಅಂತ ಅರ್ಥ. ಇದನ್ನು ನಮ್ಮತ್ತೆಗೆ ಹೇಳಿ ತಪ್ಪು ಮಾಡಿದೆ.

ನನ್ನ ಕಥೆ ಉದ್ದ, ಚಿಕ್ಕದಾಗಿ ಹೇಳುತ್ತೇನೆ. ಮದುವೆಯಾಗಿ ಏಳು ವರ್ಷ ಮಕ್ಕಳಿರಲಿಲ್ಲ. ಎರಡನೇ ಐವಿಎಫ್‌ಗೆ ಗರ್ಭ ನಿಂತಿತು. ಗರ್ಭ ಉಳಿಯಲೆಂದು ಕೊಡುವ ಪ್ರೊಜೆಸ್ಟರಾನ್ ಇಂಜೆಕ್ಷನ್ ಎಣ್ಣೆಯಲ್ಲಿ ಬರುತ್ತದೆ, ಚುಚ್ಚಿದ ಜಾಗ ಗಂಟು ಕಟ್ಟುತ್ತದೆ. ಬಸ್ ಸೀಟಿನ ತುದಿಯಲ್ಲಿ ಒಂದೇ ಪಕ್ಕಕ್ಕೆ ವಾಲಿ ಕೂರುತ್ತಿದ್ದೆ. ಆ ವರ್ಷಗಳಲ್ಲಿ ಯಾರದೋ ಸೀಮಂತದ ಮನೆಯಲ್ಲಿ ಏನೋ ಹೇಳಹೋದರೆ, "ಬಂಜೆಗೇನು ಗೊತ್ತು ಬೇನೆ" ಎಂದು ಹಿಂದಿನಿಂದ ಕೇಳಿಸಿತ್ತು. ಯಾರು ಅಂದರು ಅಂತ ತಿರುಗಿ ನೋಡಲಿಲ್ಲ.

ಹೆರಿಗೆಯ ದಿನ ಲೇಬರ್ ವಾರ್ಡಿನ ಬಾಗಿಲಲ್ಲೇ ಗಂಡನನ್ನು ನಿಲ್ಲಿಸಿದರು. ಅಮ್ಮನನ್ನೂ ಬಿಡಲಿಲ್ಲ. ಹನ್ನೊಂದು ಗಂಟೆ ಹೊತ್ತು ಒಳಗಿದ್ದೆ. ಯಾರೋ ಬರುತ್ತಿದ್ದರು, ಪರೀಕ್ಷೆ ಮಾಡುತ್ತಿದ್ದರು, ಹೋಗುತ್ತಿದ್ದರು. ನೆಲ ಒರೆಸಲು ಬಂದ ಆಯಮ್ಮ ಒಬ್ಬರು ಮಾಪನ್ನು ಗೋಡೆಗೆ ಒರಗಿಸಿ ನನ್ನ ಬೆನ್ನ ಹಿಂದೆ ನಿಂತರು. "ಬುಜ ಬುಡವ್ವ, ಬಿಗಿ ಇಡ್ಕಬ್ಯಾಡ" ಎಂದು ಅಂಗೈ ಬುಡದಿಂದ ಸೊಂಟದ ಕೆಳಗೆ ಒತ್ತಿದರು. ಸಿಸ್ಟರ್ ಕರೆದರೆ ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು. ನಿಮಗೆಷ್ಟು ಮಕ್ಕಳು ಎಂದು ಕೇಳಿದೆ. "ನಂಗಾಗಲಿಲ್ಲ ಕಣವ್ವ" ಅಂದರು. ಕೊನೆಗೆ ಆಪರೇಷನ್ ಆಯಿತು. ಮಗಳು ಚೆನ್ನಾಗಿದ್ದಾಳೆ.

ಇಷ್ಟಾದ ಮೇಲೆ ನಾನು ಡೂಲಾ ಆಗಿದ್ದು ಪ್ರೀತಿಯಿಂದ ಅಂದರೆ ಸುಳ್ಳಾಗುತ್ತದೆ. ಸಿಟ್ಟಿನಿಂದ ಆದೆ. ನನಗಾದದ್ದು ಬೇರೆಯವರಿಗೆ ಆಗಬಾರದು ಅಂತ. ಕೇಳೋಕೆ ಚೆನ್ನಾಗಿದೆ ಅಲ್ವಾ? ಮೂರನೇ ಹೆರಿಗೆಯಲ್ಲೇ ಅದರ ಬಣ್ಣ ಬಯಲಾಯಿತು. ಆ ಹುಡುಗಿಗೆ ಇಡೀ ರಾತ್ರಿ ನೋವು ಬಂದರೂ ಹೆರಿಗೆ ಮುಂದಕ್ಕೆ ಹೋಗಿರಲಿಲ್ಲ. ಡಾಕ್ಟರ್ ಆಪರೇಷನ್ ಅಂದರು. ನಾನು ಅವಳ ಕಿವಿಯಲ್ಲಿ, "ಇನ್ನೂ ಸ್ವಲ್ಪ ಕಾಯಬಹುದಾ ಅಂತ ಕೇಳು" ಅಂದೆ. ಅವಳು ನನ್ನ ಕೈ ಬಿಡಿಸಿಕೊಂಡು, "ಅಕ್ಕಾ, ನಂಗೆ ಸಾಕಾಗಿದೆ. ಮಾಡಿಬಿಡಲಿ" ಅಂದಳು. ಅವಳು ಸಮಾಧಾನವಾಗಿಯೇ ಒಳಗೆ ಹೋದಳು. ಹೊರಗೆ ಕಾರಿಡಾರಿನಲ್ಲಿ ಅಳುತ್ತಿದ್ದವಳು ನಾನು. ಅವಳ ಹೆರಿಗೆಯಲ್ಲಿ ನನ್ನದನ್ನು ಗೆಲ್ಲಲು ಹೊರಟಿದ್ದೆ.

ಅದಕ್ಕೇ ಈಗ "ನಾರ್ಮಲ್ ಮಾಡಿಸಿಕೊಡ್ತೀರಾ" ಅಂತ ಬರುವ ಫೋನಿಗೆ ಇಲ್ಲ ಅನ್ನುತ್ತೇನೆ. ಅದನ್ನು ಗ್ಯಾರಂಟಿ ಕೊಟ್ಟು ಮಾರುವವರೂ ಇದ್ದಾರೆ, ಅವರಿಂದ ದೂರ ಇರಿ. ಆಸ್ಪತ್ರೆ ಬೇಡ ಅನ್ನುವವರಿಂದ ಇನ್ನೂ ದೂರ ಇರಿ. ಕರ್ನಾಟಕದಲ್ಲಿ 2004-06ರ ಹೊತ್ತಿಗೆ ಲಕ್ಷ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರು, 2018-20ರಲ್ಲಿ 69. ಆಸ್ಪತ್ರೆ ಇಲ್ಲದೆ ಇದು ಆಗುವ ಮಾತಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಒಂದು ಪೈಸೆ ಮುಟ್ಟದೆ. ನನ್ನನ್ನು ಅವರಿಗೆ ಹೋಲಿಸಬೇಡಿ ಪ್ಲೀಸ್. ನಾನು ದುಡ್ಡು ತಗೋತೀನಿ, ಮಗು ಹಿಡಿಯೋದೂ ಬರಲ್ಲ.

ಆದರೆ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋದಾಗ ಪಕ್ಕದಲ್ಲಿ ಕೂರುವವಳು ಹೊರಗೇ ಉಳಿದಳು. ಅವಳಿಂದ ಏನು ಲಾಭ ಅಂತ ಕೇಳುವವರಿಗೆ: 1980ರಲ್ಲಿ ಗ್ವಾಟೆಮಾಲಾದ ಆಸ್ಪತ್ರೆಯೊಂದರ ಅಧ್ಯಯನ ಪ್ರಕಟವಾಯಿತು. ಪರಿಚಯವೇ ಇಲ್ಲದ, ತರಬೇತಿಯೂ ಇಲ್ಲದ ಹೆಂಗಸೊಬ್ಬಳು ಜೊತೆಗಿದ್ದ ಬಸುರಿಯರಿಗೆ ಹೆರಿಗೆ ಸರಾಸರಿ 8.8 ಗಂಟೆಯಲ್ಲಿ ಆಯಿತು, ಒಂಟಿಯಾಗಿದ್ದವರಿಗೆ 19.3 ಗಂಟೆ. ಚಿಕ್ಕ ಅಧ್ಯಯನ, ಅಷ್ಟನ್ನೇ ನಂಬಬೇಕಿಲ್ಲ. 2017ರಲ್ಲಿ 17 ದೇಶಗಳ 26 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ವ್ಯತ್ಯಾಸ ಅಷ್ಟು ದೊಡ್ಡದಿರಲಿಲ್ಲ, ಆದರೂ ಹೆರಿಗೆ ಬೇಗ ಆಗಿತ್ತು, ಸಿಸೇರಿಯನ್ ಕಡಿಮೆಯಾಗಿತ್ತು.

ಕೇಂದ್ರ ಸರ್ಕಾರವೂ 2016ರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಜೊತೆಗಾತಿಗೆ ಅವಕಾಶ ಕೊಡಿ ಎಂದಿತು. ಒಳ್ಳೇದೇ. ಆದರೆ ಅದರಲ್ಲೊಂದು ಮಾತಿದೆ: ಆಕೆ ಬಸುರಿಯ ನೆಂಟಳಾಗಿರಬೇಕು, ಆದಷ್ಟೂ ಸ್ವತಃ ಹೆರಿಗೆ ಆದವಳಾಗಿರಬೇಕು. ಓದಿದಾಗ ಸೀಮಂತದ ಮನೆಯ ದನಿ ಮತ್ತೆ ಕೇಳಿಸಿತು. ಹೆತ್ತವಳಿಗೆ ಹೆರಿಗೆ ಗೊತ್ತು ನಿಜ, ಆದರೆ ಗೊತ್ತಿರೋದು ಅವಳ ಹೆರಿಗೆ. "ನನಗೂ ಹೀಗೇ ಆಗಿತ್ತು" ಎಂದು ಶುರು ಮಾಡಿದರೆ ಮಲಗಿರುವವಳು ನಿಮ್ಮ ಕಥೆಗೂ ಹೂಂಗುಡಬೇಕು. ನನ್ನ ಜೊತೆ ಈಗ ಕೆಲಸ ಕಲಿಯುತ್ತಿರುವ ಹುಡುಗಿಗೆ ಮದುವೆಯೇ ಆಗಿಲ್ಲ. ನೋವು ಬಂದಾಗ ಅವಳು ಸುಮ್ನೆ ಇರುತ್ತಾಳೆ. ನನಗೆ ಅದು ಬರಲು ಎರಡು ವರ್ಷ ಹಿಡಿಯಿತು.

ನನ್ನಂಥವರ ಫೀಸು ಎಲ್ಲರ ಕೈಗೆ ಎಟುಕುವುದಿಲ್ಲ. ಹಾಗಾಗಿ ನನ್ನ ಕೋರಿಕೆ ಇಷ್ಟೇ. ವಾರ್ಡಿನಲ್ಲಿ ಈಗಾಗಲೇ ಇರುವ ಆಯಮ್ಮಂದಿರಿಗೆ ಸ್ವಲ್ಪ ತರಬೇತಿ ಕೊಡಿ, ಕೈಯಿಂದ ಮಾಪ್ ಬಿಡಿಸಿ, ಸಂಬಳ ಹೆಚ್ಚಿಸಿ, ಮಂಚದ ಪಕ್ಕ ಒಂದು ಸ್ಟೂಲ್ ಹಾಕಿಕೊಡಿ. ನಾನು ಹೋಗುವ ಎಷ್ಟೋ ವಾರ್ಡುಗಳಲ್ಲಿ ಆ ಸ್ಟೂಲೇ ಇರುವುದಿಲ್ಲ.

ಮಗಳ ನಾಮಕರಣಕ್ಕೆ ಕರೆಯೋಣ ಅಂತ ಆ ಆಯಮ್ಮನನ್ನು ಹುಡುಕಿಕೊಂಡು ಹೋಗಿದ್ದೆ. ಗುತ್ತಿಗೆಯವರು ಬದಲಾಗಿದ್ದರು, ಹಳಬರು ಯಾರೂ ಇರಲಿಲ್ಲ. ಏನು ಹೆಸರು ಅಂತ ಕೌಂಟರಿನಲ್ಲಿ ಕೇಳಿದರು. ಹನ್ನೊಂದು ಗಂಟೆಯಲ್ಲಿ ಅದೊಂದನ್ನು ನಾನು ಕೇಳಿರಲಿಲ್ಲ.