‘ಮನೆಗೆ ಬೀಗ ಹಾಕಿತ್ತು, ಬಾಗಿಲಿಗೆ ಅಂಟಿಸಿದ್ದೇನೆ’

ಕೋರ್ಟ್ ನೌಕರರ ಮೇಲಿನ ಶಿಕ್ಷೆಯನ್ನು ಹೈಕೋರ್ಟ್ ರದ್ದು ಮಾಡಿತು ಅಂದ ಕೂಡಲೇ ‘ಒಳಗೊಳಗೇ ಅಡ್ಜಸ್ಟ್ ಮಾಡ್ಕೊಂಡ್ರು ಬಿಡಿ’ ಅನ್ನುವವರೇ ಜಾಸ್ತಿ. ಆದೇಶ ತೆಗೆದು ಓದಿ ನೋಡಿ. ಡಿ.ಇ., ಅಂದರೆ ನೌಕರನ ಮೇಲಿನ ಇಲಾಖಾ ವಿಚಾರಣೆ, ಸೋಲುವುದು ಹೈಕೋರ್ಟಿನಲ್ಲಲ್ಲ. ದೋಷಾರೋಪಣಾ ಪಟ್ಟಿ ಟೈಪ್ ಮಾಡಿದ ದಿನವೇ ಅದು ಸೋತಿರುತ್ತದೆ.

ಕೋರ್ಟಿನ ಸಮನ್ಸ್ ತಲುಪಿಸುವ ನೌಕರ, ಅಂದರೆ ಪ್ರೊಸೆಸ್ ಸರ್ವರ್ ಉದಾಹರಣೆಯನ್ನೇ ತಗೊಳ್ಳಿ. ಸಮನ್ಸ್ ಹಿಡಿದು ಹೊರಟವರು ಊರಿಗೇ ಹೋಗಲಿಲ್ಲ. ‘ಪ್ರತಿವಾದಿ ಮನೆಗೆ ಬೀಗ ಹಾಕಿತ್ತು, ಬಾಗಿಲಿಗೆ ಅಂಟಿಸಿದ್ದೇನೆ’ ಅಂತ ಶರಾ (ಜಾರಿಯ ಬಗೆಗಿನ ಟಿಪ್ಪಣಿ) ಬರೆದು ವಾಪಸ್ ಕೊಟ್ಟರು. ಕೋರ್ಟು ಪ್ರತಿವಾದಿಯನ್ನು ಎಕ್ಸ್‌ಪಾರ್ಟೆ (ಗೈರುಹಾಜರು) ಇಟ್ಟಿತು, ಅವರ ಮಾತು ಕೇಳದೆಯೇ ಡಿಕ್ರಿಯೂ ಆಯಿತು. ಕೇಸು ಇತ್ತು ಅನ್ನುವುದು ಆ ಮನುಷ್ಯನಿಗೆ ಗೊತ್ತಾಗುವುದು ಡಿಕ್ರಿ ಜಾರಿ ಮಾಡುವ ಕೋರ್ಟ್ ಅಮೀನ ಜಪ್ತಿಗೆ ಬಂದು ನಿಂತಾಗ.

ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 5ನೇ ಆದೇಶದ 17ನೇ ನಿಯಮದಲ್ಲಿ ಅಂಟಿಸುವ ಕ್ರಮ ಬಿಡಿಸಿ ಹೇಳಿದೆ. ಹೊರಬಾಗಿಲಿಗೆ ಅಥವಾ ಮನೆಯ ಎದ್ದುಕಾಣುವ ಭಾಗಕ್ಕೆ ಅಂಟಿಸಬೇಕು. ಯಾವ ಪರಿಸ್ಥಿತಿಯಲ್ಲಿ ಅಂಟಿಸಿದ್ದು, ಮನೆ ತೋರಿಸಿದವರು ಯಾರು, ಯಾರ ಎದುರು ಅಂಟಿಸಿದ್ದು, ಅವರ ಹೆಸರು ವಿಳಾಸ ಏನು, ಇಷ್ಟೂ ಶರಾದಲ್ಲಿ ಇರಬೇಕು. ಮುಂದೆ 19ನೇ ನಿಯಮ: ಶರಾಕ್ಕೆ ಪ್ರಮಾಣಪತ್ರದ (ಅಫಿಡವಿಟ್) ಬೆಂಬಲ ಇಲ್ಲದಿದ್ದರೆ ಕೋರ್ಟು ಆ ನೌಕರನನ್ನು ಪ್ರಮಾಣದ ಮೇಲೆ ವಿಚಾರಿಸಲೇಬೇಕು. ಇದನ್ನು ಪಾಲಿಸಿದ್ದರೆ ಸುಳ್ಳು ಶರಾ ಅರ್ಧ ಗಂಟೆಯಲ್ಲಿ ಸಿಕ್ಕಿಬೀಳುತ್ತಿತ್ತು. ಸಾಕ್ಷಿಗಳ ಎರಡೂ ಸಹಿ ಒಂದೇ ಕೈಬರಹದಲ್ಲಿದ್ದರೂ ಆ ಸಮನ್ಸ್, ಜಾರಿ ಕೆಲಸ ನೋಡಿಕೊಳ್ಳುವ ನಾಜರ್ ಸೆಕ್ಷನ್ ದಾಟಿ, ಬೆಂಚ್ ಕ್ಲರ್ಕ್ ಟೇಬಲ್ ದಾಟಿ ಫೈಲಿಗೆ ಹೋಗಿ ಕೂರುತ್ತದೆ. ಆಮೇಲೆ ಮೆಮೊ ಬರುವುದು ಮಾತ್ರ ಪ್ರೊಸೆಸ್ ಸರ್ವರ್ ಒಬ್ಬರಿಗೇ. ನನ್ನ ತಕರಾರು ಇಲ್ಲಿಂದಲೇ ಶುರು.

ಇನ್ನು ದೋಷಾರೋಪಣೆ. ‘ಕರ್ತವ್ಯಲೋಪ ಎಸಗಿ ನ್ಯಾಯಾಲಯದ ಘನತೆಗೆ ಧಕ್ಕೆ ತಂದಿರುತ್ತೀರಿ’ ಅನ್ನುವ ವಾಕ್ಯಕ್ಕೆ ಯಾರಾದರೂ ಏನಂತ ಉತ್ತರ ಕೊಡಬೇಕು? ದಾವೆ ಸಂಖ್ಯೆ, ಸಮನ್ಸ್ ಕೈಗೆ ಬಂದ ದಿನ, ಊರು, ಶರಾದ ಪದಗಳು ಇದ್ದ ಹಾಗೇ, ಅದರಲ್ಲಿ ಸುಳ್ಳು ಯಾವುದು, ಇಷ್ಟು ದೋಷಾರೋಪಣಾ ಪಟ್ಟಿಯ ಅನುಬಂಧ 1 ಮತ್ತು 2ರಲ್ಲಿ ಬರಬೇಕು. 3ರಲ್ಲಿ ದಾಖಲೆ: ಮೂಲ ಸಮನ್ಸ್, ಪ್ರೊಸೆಸ್ ರಿಜಿಸ್ಟರ್, ಆ ದಿನದ ಪ್ರಯಾಣಭತ್ಯೆ ಬಿಲ್. ಒಂದೇ ದಿನ ಎರಡು ದಿಕ್ಕಿನ ಎರಡು ಊರಿಗೆ ಬಿಲ್ ಹಾಕಿದ್ದರೆ ಬೇರೆ ಸಾಕ್ಷಿ ಹುಡುಕುವುದೇ ಬೇಡ. 4ರಲ್ಲಿ ಸಾಕ್ಷಿಗಳು: ಶರಾದಲ್ಲಿ ಹೆಸರಿರುವವರು, ಪಕ್ಕದ ಮನೆಯವರು, ಪ್ರತಿವಾದಿ.

ಆದರೆ ಇಷ್ಟನ್ನೂ ಬಿಟ್ಟು, ಎಕ್ಸ್‌ಪಾರ್ಟೆ ಡಿಕ್ರಿ ರದ್ದಾದ ಆದೇಶದ ನಕಲೊಂದನ್ನೇ ಲಗತ್ತಿಸಿ ಕೈತೊಳೆದುಕೊಳ್ಳುವುದುಂಟು. ಆ ಆದೇಶ ಹೇಳುವುದು ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲ ಅಂತ. ನೌಕರ ಬೇಕೆಂದೇ ಸುಳ್ಳು ಬರೆದ ಅಂತಲ್ಲ. ಆ ನೌಕರ ಆ ಪ್ರಕರಣದಲ್ಲಿ ಪಕ್ಷಗಾರನೂ ಅಲ್ಲ. ದಾಖಲೆಯನ್ನು ಸುಮ್ಮನೆ ಹಾಜರುಪಡಿಸಿದರೆ ಸಾಲದು, ಸಾಕ್ಷಿಯ ಮೂಲಕ ರುಜುವಾತು ಮಾಡಬೇಕು ಅಂತ ಸುಪ್ರೀಂ ಕೋರ್ಟ್ ರೂಪ್ ಸಿಂಗ್ ನೇಗಿ ಪ್ರಕರಣದಲ್ಲೇ ಹೇಳಿಯಾಗಿದೆ.

ವಿಚಾರಣೆಯಲ್ಲಿ ಮಾಮೂಲಿ ತಪ್ಪು ಇಲಾಖೆಯ ಪರ ಸಾಕ್ಷ್ಯ ಮಂಡಿಸುವ ಮಂಡನಾಧಿಕಾರಿಯನ್ನೇ ನೇಮಿಸದಿರುವುದು. ಆಗ ವಿಚಾರಣಾಧಿಕಾರಿಯೇ ಮುಖ್ಯ ವಿಚಾರಣೆ ಮಾಡಿ, ಆಪಾದಿತ ನೌಕರನಿಗೆ ಪಾಟೀಸವಾಲನ್ನೂ ಹಾಕಿ, ಕೊನೆಗೆ ವರದಿಯನ್ನೂ ಬರೆಯುತ್ತಾರೆ. ಅವರು ಇಲಾಖೆಯ ವಕೀಲರಂತೆ ವರ್ತಿಸಬಾರದು ಅನ್ನುವುದು 2010ರ ಸರೋಜ್ ಕುಮಾರ್ ಸಿನ್ಹಾ ತೀರ್ಪು. ದಿನವಿಡೀ ಬೇರೆಯವರ ಕೇಸಿನಲ್ಲಿ ಸಹಜ ನ್ಯಾಯ ಅಳೆಯುವ ಜಾಗದಲ್ಲೇ ಇದು ತಪ್ಪಿಹೋಗುವುದು ವಿಚಿತ್ರ. ಶರಾ ಸುಳ್ಳು ಎಂದು ಪತ್ತೆಹಚ್ಚಿ ವರದಿ ಕಳಿಸಿದ ನ್ಯಾಯಾಧೀಶರು ಸಾಕ್ಷಿಯಾಗಿ ಬರಬಹುದು, ವಿಚಾರಣಾಧಿಕಾರಿಯಾಗಿ ಅಲ್ಲ.

ವರದಿ ಬಂದ ಮೇಲೆ ಅದರ ಪ್ರತಿ ನೌಕರನ ಕೈ ಸೇರಬೇಕು (ಕರುಣಾಕರ್ ತೀರ್ಪು, 1993). ವಿಚಾರಣಾಧಿಕಾರಿ ‘ಆರೋಪ ಸಾಬೀತಾಗಿಲ್ಲ’ ಅಂದಿದ್ದು ಶಿಕ್ಷೆ ಕೊಡುವ ಅಧಿಕಾರವಿರುವ ಜಿಲ್ಲಾ ನ್ಯಾಯಾಧೀಶರಿಗೆ ಒಪ್ಪಿಗೆಯಾಗದಿದ್ದರೆ, ಯಾಕೆ ಒಪ್ಪುತ್ತಿಲ್ಲ ಅಂತ ಮೊದಲು ತಿಳಿಸಿ ಉತ್ತರ ಪಡೆಯಬೇಕು. ನೇರವಾಗಿ ಶಿಕ್ಷೆಯ ಆದೇಶ ಹೊರಡಿಸಿದರೆ ಅದು ನಿಲ್ಲುವುದಿಲ್ಲ.

ಶಿಕ್ಷೆಯಲ್ಲೂ ಒಂದು ಗುಂಡಿ ಇದೆ. ಸರ್ಕಾರಿ ನೌಕರರ ಶಿಸ್ತುಕ್ರಮದ 1957ರ ಕರ್ನಾಟಕ ಸಿಸಿಎ ನಿಯಮಗಳ 12ನೇ ನಿಯಮದಡಿ, ಬರೀ ಉತ್ತರ ಪಡೆದು ಲಘು ದಂಡನೆ ಕೊಡಬಹುದು. ವೇತನ ಬಡ್ತಿ ತಡೆಯಬಹುದು, ಸರಿ. ಆದರೆ ‘ಸಂಚಿತ ಪರಿಣಾಮದೊಂದಿಗೆ’ (ಅಂದರೆ ತಡೆದ ಬಡ್ತಿಯ ನಷ್ಟ ಮುಂದೆಯೂ ಉಳಿಯುವಂತೆ) ಅಂತ ಎರಡು ಪದ ಸೇರಿಸಿದರೆ ಅದು ಭಾರಿ ದಂಡನೆಯಾಗುತ್ತದೆ, ಪೂರ್ತಿ ವಿಚಾರಣೆ ಬೇಕಾಗುತ್ತದೆ. 1990ರ ಕುಲ್ವಂತ್ ಸಿಂಗ್ ಗಿಲ್ ತೀರ್ಪು ಇದನ್ನು ಸ್ಪಷ್ಟವಾಗಿ ಹೇಳಿದೆ. ಹಳೆಯ ಆದೇಶದ ಫೈಲ್ ತೆರೆದು ಹೆಸರಷ್ಟೇ ಬದಲಿಸಿದರೆ ಆ ಎರಡು ಪದಗಳೂ ಜೊತೆಗೇ ಬಂದುಬಿಡುತ್ತವೆ.

ಅಮಾನತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಶಿಕ್ಷೆಯಲ್ಲ. ಮೂರು ತಿಂಗಳೊಳಗೆ ದೋಷಾರೋಪಣಾ ಪಟ್ಟಿ ಕೊಡದಿದ್ದರೆ ಮುಂದುವರಿಸಬಾರದು ಅಂತ 2015ರಲ್ಲಿ ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಿಸಿಬಿಸಿಯಲ್ಲಿ ಅಮಾನತು ಮಾಡಿ, ಪಟ್ಟಿ ಬರೆಯುವುದನ್ನೇ ಮರೆತರೆ ಜೀವನಾಧಾರ ಭತ್ಯೆ ಕೊಟ್ಟು ಮನೆಯಲ್ಲಿ ಕೂರಿಸಿದ್ದಷ್ಟೇ ಆಯಿತು.

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಅಧೀನ ನ್ಯಾಯಾಲಯಗಳ ನೌಕರರು, ಸರ್ಕಾರಿ ನೌಕರರ ಸೇವಾ ವ್ಯಾಜ್ಯ ನೋಡುವ ಆಡಳಿತ ನ್ಯಾಯಮಂಡಳಿಗೆ ಹೋಗುವಂತಿಲ್ಲ. ಜಿಲ್ಲಾ ನ್ಯಾಯಾಧೀಶರ ಆದೇಶದ ಮೇಲೆ ಮೇಲ್ಮನವಿ ಹೈಕೋರ್ಟಿನ ಆಡಳಿತ ವಿಭಾಗಕ್ಕೆ, ಅಲ್ಲೂ ಆಗದಿದ್ದರೆ ರಿಟ್ ಅದೇ ಹೈಕೋರ್ಟಿಗೆ. ಇಷ್ಟರಲ್ಲಿ ವರ್ಷಗಳು ಉರುಳುತ್ತವೆ. ವಿಚಾರಣೆ ದೋಷಪೂರಿತ ಅಂತ ಮರಳಿ ಬರುವ ಹೊತ್ತಿಗೆ ಶರಾದಲ್ಲಿದ್ದ ಸಾಕ್ಷಿ ಊರು ಬಿಟ್ಟಿರುತ್ತಾರೆ.

ನಿವೃತ್ತಿಯ ಲೆಕ್ಕವಂತೂ ಇನ್ನೂ ಬಿಗಿ. ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) 214ನೇ ನಿಯಮದ ಪ್ರಕಾರ, ನಿವೃತ್ತಿಯ ನಂತರ ಹೊಸದಾಗಿ ವಿಚಾರಣೆ ಶುರು ಮಾಡುವುದಾದರೆ ಘಟನೆ ನಡೆದು 4 ವರ್ಷ ಮೀರಿರಬಾರದು. ಸಮನ್ಸ್ ‘ಅಂಟಿಸಿ’, ದಾವೆ ಡಿಕ್ರಿಯಾಗಿ, ಅಮಲ್ಜಾರಿ (ಡಿಕ್ರಿ ಜಾರಿಯ ಅರ್ಜಿ) ಹಾಕಿ, ಅಮೀನ ಪ್ರತಿವಾದಿಯ ಬಾಗಿಲು ತಟ್ಟುವುದಕ್ಕೇ ಎಷ್ಟೋ ಸಲ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.