ಮಂಡಿಯ ಗಂಟಿಗೆ ನೇರ ಎಂಆರ್‌ಐ ಯಾಕೆ?

ಮಗನ ಮಂಡಿ ಹತ್ತಿರ ಗಟ್ಟಿ ಗಂಟು ಕೈಗೆ ಸಿಕ್ಕಿದರೆ ತೀರ್ಥಹಳ್ಳಿ, ಹೊಸನಗರದ ಕಡೆಯವರು ಶಿವಮೊಗ್ಗ ಬಸ್ಸು ಹತ್ತುತ್ತಾರೆ. ಎಷ್ಟೋ ಜನ ಎಕ್ಸ್‌ರೇ ಬಿಟ್ಟು ನೇರ ಎಂಆರ್‌ಐ ಮಾಡಿಸುತ್ತಾರೆ. ದೊಡ್ಡ ಸ್ಕ್ಯಾನಿಂಗ್ ಆದರೆ ಎಲ್ಲ ಗೊತ್ತಾಗುತ್ತದೆ ಅನ್ನುವ ಲೆಕ್ಕ. ನಾನಿರುವ ಇಂಗ್ಲೆಂಡಿನಲ್ಲಿ ಮೊದಲು ಎಕ್ಸ್‌ರೇ, ಅನುಮಾನ ಉಳಿದರಷ್ಟೇ ಮುಂದಿನದು. ಈ ವಿಷಯದಲ್ಲಿ ಇಲ್ಲಿಯ ಕ್ರಮವೇ ಸರಿ.

ಇಂಥ ನಿರಪಾಯದ ಗಂಟುಗಳಲ್ಲಿ ಹೆಚ್ಚಿನವು ಆಸ್ಟಿಯೋಕಾಂಡ್ರೋಮಾ, ಅಂದರೆ ತುದಿಗೆ ಮೃದ್ವಸ್ಥಿಯ ಟೋಪಿ ಹೊತ್ತು ಮೂಳೆಯಿಂದ ಹೊರಚಾಚುವ ಬೆಳವಣಿಗೆ. ಕೀಲು ಸೇರಿಸಿ ಮುಂದಿನಿಂದೊಂದು, ಪಕ್ಕದಿಂದೊಂದು ಎಕ್ಸ್‌ರೇ ತೆಗೆದರೆ ಸಾಮಾನ್ಯವಾಗಿ ಗುರುತು ಸಿಕ್ಕಿಬಿಡುತ್ತದೆ: ಮೂಳೆಯ ಹೊರಪದರ, ಒಳಗಿನ ಮಜ್ಜೆ ಎರಡೂ ಕಡಿಯದೆ ಗಂಟಿನೊಳಕ್ಕೆ ಮುಂದುವರಿದಿರುತ್ತವೆ, ತುದಿ ಕೀಲಿಗೆ ಬೆನ್ನು ಹಾಕಿರುತ್ತದೆ. ಗಂಟು ಮೂಳೆಗೆ ಕೂಡುವ ತೊಟ್ಟು ಮರೆಯಾದರೆ ಓರೆಯಾಗಿ ಇನ್ನೊಂದು ಎಕ್ಸ್‌ರೇ. ಸೊಂಟದ ಮೂಳೆ, ಹೆಗಲ ಹಲಗೆಯಲ್ಲಿ ಎಕ್ಸ್‌ರೇ ಸೋಲುತ್ತದೆ, ಅಲ್ಲಿಗೆ ಸಿಟಿ ಸ್ಕ್ಯಾನ್.

ಬೆಳವಣಿಗೆ ನಿಂತ ಮೇಲೂ ಗಂಟು ದೊಡ್ಡದಾದರೆ, ಹೊಸದಾಗಿ ನೋವು ಶುರುವಾದರೆ, ನರ ಒತ್ತಿದರೆ ಎಂಆರ್‌ಐ ಬೇಕೇ ಬೇಕು. ಆಗ ನೋಡುವುದು ತುದಿಯ ಮೃದ್ವಸ್ಥಿ ಟೋಪಿಯ ದಪ್ಪ. ದೊಡ್ಡವರಲ್ಲಿ ಅದು 2 ಸೆಂ.ಮೀ. ದಾಟಿದರೆ ಕಾಂಡ್ರೋಸಾರ್ಕೋಮಾ ಎಂಬ ಮೃದ್ವಸ್ಥಿ ಕ್ಯಾನ್ಸರಿನ ಶಂಕೆ. ನೀರಿನಂಶ ಬೆಳ್ಳಗೆ ಕಾಣುವ ಟಿ2 ಎಂಬ ಎಂಆರ್‌ಐ ಚಿತ್ರದಲ್ಲಿ, ಮೂಳೆಯ ಅಂಚಿಗೆ ಲಂಬವಾಗಿ ಅಳೆಯಬೇಕು. ಎಡವುವುದು ಇಲ್ಲೇ. ಸ್ನಾಯು ಉಜ್ಜಿ ಉಜ್ಜಿ ಗಂಟಿನ ಮೇಲೆ ನೀರುಚೀಲ ಬೆಳೆದಿದ್ದರೆ ಅದೂ ಟಿ2ನಲ್ಲಿ ಬೆಳ್ಳಗೇ ಕಾಣುತ್ತದೆ. ಅದನ್ನೂ ಸೇರಿಸಿ ಅಳೆದರೆ 8 ಮಿ.ಮೀ. ಟೋಪಿ 25 ಆಗಿ, ಮನೆಮಂದಿಗೆಲ್ಲ ನಿದ್ದೆ ಹೋಗುತ್ತದೆ. ಕಾಂಟ್ರಾಸ್ಟ್ ಔಷಧಿ ರಕ್ತನಾಳಕ್ಕೆ ಕೊಟ್ಟು ನೋಡಿದರೆ ಎರಡೂ ಬೇರೆಯಾಗುತ್ತವೆ. ಮಕ್ಕಳಲ್ಲಿ ಟೋಪಿ ದಪ್ಪಗಿರುವುದು ಸಹಜ, ಅವರಿಗೆ ಈ ಅಳತೆ ಹಾಕಬಾರದು.

ಆಸ್ಟಿಯಾಯ್ಡ್ ಆಸ್ಟಿಯೋಮಾ ಅನ್ನುವ ಇನ್ನೊಂದು ನಿರಪಾಯದ ಮೂಳೆಗಂಟಿನಲ್ಲಂತೂ ಎಂಆರ್‌ಐ ದಾರಿ ತಪ್ಪಿಸುವುದುಂಟು. ರಾತ್ರಿ ಜೋರಾಗುವ, ಆಸ್ಪಿರಿನ್ ಥರದ ಗುಳಿಗೆಗೆ ತಗ್ಗುವ ನೋವು ಅದರದು. ಸುತ್ತಲಿನ ಊತವೇ ಎದ್ದು ಕಂಡು ಸೋಂಕೋ ಕ್ಯಾನ್ಸರೋ ಅನಿಸುತ್ತದೆ. ಸಾಮಾನ್ಯವಾಗಿ 1.5 ಸೆಂ.ಮೀ.ಗೂ ಚಿಕ್ಕದಾದ ಅದರ ಗೂಡು, ಅಂದರೆ ಗಂಟಿನ ತಿರುಳು, ಸಿಟಿಯ 1 ಮಿ.ಮೀ. ತೆಳು ಸೀಳುಗಳಲ್ಲಿ ಸ್ಪಷ್ಟ.

ಹಾಗಂತ ಎಲ್ಲದರಲ್ಲೂ ಇಂಗ್ಲೆಂಡ್ ಮೇಲಲ್ಲ. ಇಲ್ಲಿ ಸ್ಕ್ಯಾನಿಗೆ ವಾರಗಟ್ಟಲೆ ಕಾಯಬೇಕು, ಚಿತ್ರ ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ನಮ್ಮಲ್ಲಿ ಫಿಲ್ಮು ರೋಗಿಯ ಕೈಗೇ ಬರುತ್ತದೆ. ಎರಡು ವರ್ಷದ ಹಿಂದಿನ ಎಕ್ಸ್‌ರೇಯನ್ನು ಇವತ್ತಿನದರ ಪಕ್ಕ ಇಟ್ಟು, ಗಂಟು ಅಷ್ಟೇ ಇದೆ ಎಂದು ಕಂಡರೆ ಎಷ್ಟೋ ಸಲ ಎಂಆರ್‌ಐ ಖರ್ಚೇ ಉಳಿಯುತ್ತದೆ. ಆದರೆ ಆ ಫಿಲ್ಮು ಸೇರುವುದು ಅಡುಗೆಮನೆ ಅಟ್ಟಕ್ಕೆ! ಈಗಿನ ಥರ್ಮಲ್ ಫಿಲ್ಮು ಒಲೆಯ ಕಾವಿಗೆ ಕಪ್ಪಾಗುತ್ತದೆ, ಮಳೆಗಾಲದ ಥಂಡಿಗೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕಿಟಕಿಗೆ ಹಿಡಿದು ತೆಗೆದ ವಾಟ್ಸಾಪ್ ಫೋಟೋದಲ್ಲಿ ಮಿಲಿಮೀಟರ್ ಅಳೆಯಲಾಗದು. ಸ್ಕ್ಯಾನಿಂಗ್ ಸೆಂಟರಿನವರ ಹತ್ತಿರ ಡೈಕಾಮ್ (ಸ್ಕ್ಯಾನಿನ ಮೂಲ ಡಿಜಿಟಲ್ ಕಡತ) ಸಿಡಿ ಕೇಳಿ, ಆರಿಸಿದ ನಾಲ್ಕು ಚಿತ್ರವಲ್ಲ, ಪೂರ್ತಿ ಸ್ಕ್ಯಾನು ಅದರಲ್ಲಿದೆಯೇ ಅಂತ ಕೌಂಟರಿನಲ್ಲೇ ತೆರೆಸಿ ನೋಡಿಕೊಳ್ಳಿ.